ಮನೆಯಲ್ಲಿ ಪೆಟ್ರೋಲ್ ಇರಿಸುವವರು ಅರಿತಿರಬೇಕಾದುದು

ಬಂಕು ದೂರವಿರುವ ಹಳ್ಳಿಗಳಲ್ಲಿ ಬೈಕಿಗೆಂದೋ, ಬೆಳೆಗೆ ಔಷಧಿ ಸಿಂಪಡಿಸುವ ಯಂತ್ರಕ್ಕೆಂದೋ ಎರಡು ಮೂರು ಲೀಟರ್ ಪೆಟ್ರೋಲನ್ನು ಮನೆಯಲ್ಲಿ ಇರಿಸಿಕೊಳ್ಳುವುದು ವಾಡಿಕೆಯಾಗಿದೆ. ಮುಷ್ಕರದ ಸುದ್ದಿ ಬಂದರೆ ಪಟ್ಟಣದವರೂ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಆರೋಗ್ಯದ ಪುಟದಲ್ಲಿ ಇಂಧನದ ಮಾತೇಕೆ ಎಂದು ಭಕ್ತಾದಿಗಳು ಕೇಳಬಹುದು. ಮೈ ಸುಟ್ಟುಕೊಂಡವರು, ನೀರೆಂದು ತಿಳಿದು ಕುಡಿದ ಮಕ್ಕಳು, ಪೈಪು ಬಾಯಿಗಿಟ್ಟು ಎಳೆಯುವಾಗ ಗುಟುಕರಿಸಿದವರು ಕೊನೆಗೆ ಬರುವುದು ವೈದ್ಯರ ಬಾಗಿಲಿಗೇ. ಆದುದರಿಂದ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ಅದರ ಸ್ವಭಾವವನ್ನು ತಿಳಿಯಬೇಕು. ಉರಿಯುವುದು ದ್ರವವಲ್ಲ, ಅದರಿಂದೇಳುವ ಆವಿ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿಯೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯ ಮಾತನ್ನು ಹೇಳಬೇಕಾಗಿಯೇ ಇಲ್ಲ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಬೆರೆತರೆ ಒಂದು ಕಿಡಿ ಸಾಕು. ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರಿ ಹೋಗದೆ ನೆಲದ ಮೇಲೆ ನೀರಿನಂತೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಪಡಸಾಲೆಯ ಮೂಲೆಯಲ್ಲಿ ಬಿರಡೆ ಸಡಿಲವಾದ ಕ್ಯಾನು, ಒಳಗೆ ದೇವರ ಜಗಲಿಯ ಮುಂದೆ ಉರಿಯುವ ದೀಪ, ಹಿಂದೆ ಬಚ್ಚಲಿನ ಹಂಡೆಯ ಒಲೆ: ಇವುಗಳ ನಡುವೆ ಹತ್ತಾರು ಅಡಿ ಅಂತರವಿದ್ದ ಮಾತ್ರಕ್ಕೆ ನಿಶ್ಚಿಂತರಾಗಿರಲಾಗದು. ಡೀಸೆಲ್ ಇಷ್ಟು ಚುರುಕಲ್ಲ. ಆದರೆ ಅದೂ ನೀರಲ್ಲ.

1934ರ ಪೆಟ್ರೋಲಿಯಂ ಕಾಯ್ದೆಯು ಈ ಕುರಿತು ಸ್ಪಷ್ಟವಾಗಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇರಿಸಬಹುದು. ವಾಹನದ ಮಾಲೀಕರಿಗೆ, ವಾಹನದ ಟ್ಯಾಂಕಿನಲ್ಲಿರುವುದನ್ನು ಬಿಟ್ಟು, 100 ಲೀಟರ್‌ವರೆಗೆ ಅವಕಾಶವುಂಟು. ಮನೆಯಲ್ಲಿ ನಾಲ್ಕು ವಾಹನಗಳಿದ್ದರೂ ಮಾಲೀಕರೊಬ್ಬರೇ ಆದರೆ ಮಿತಿ ಅಷ್ಟೇ. ಆದರೆ 30 ಲೀಟರ್ ಮೀರಿದರೆ ಜನರು ವಾಸಿಸುವ ಅಥವಾ ಕೆಲಸ ಮಾಡುವ ಕೋಣೆಗೆ ಸಂಪರ್ಕವಿಲ್ಲದ ಪ್ರತ್ಯೇಕ ಸ್ಥಳದಲ್ಲಿಯೇ ಇರಿಸಬೇಕು. ಭದ್ರವಾಗಿ ಮುಚ್ಚಿದ ಲೋಹದ ಪಾತ್ರೆಯಾದರೆ 25 ಲೀಟರ್, ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್, ಇದಕ್ಕಿಂತ ದೊಡ್ಡದಿರಬಾರದು. ಕಿರಾಣಿ ಅಂಗಡಿಯ ಮುಂದೆ ಸಾಲಾಗಿ ಇಟ್ಟಿರುವ ನೀರಿನ ಪ್ಲಾಸ್ಟಿಕ್ ಬಾಟಲಿಗಳಿಗೆ ಈ ಕಾಯ್ದೆಯಲ್ಲಿ ಎಡೆಯಿಲ್ಲ. ಕಾಯ್ದೆಯು ಒಪ್ಪುವುದೆಲ್ಲವೂ ಮನೆಗೆ ಹಿತವೆಂದು ನಾವು ಹೇಳಲಾರೆವು. ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯ ಕುಟುಂಬಕ್ಕೆ ಐದು ಲೀಟರ್‌ಗಿಂತ ಹೆಚ್ಚು ಬೇಕಾಗುವ ಸಂದರ್ಭ ಬಲು ವಿರಳ.

ಪಾತ್ರೆಯನ್ನು ಕಂಠದವರೆಗೆ ತುಂಬಬಾರದು. ಇಪ್ಪತ್ತು ಡಿಗ್ರಿ ಬಿಸಿಯೇರಿದರೆ ಹತ್ತು ಲೀಟರ್ ಪೆಟ್ರೋಲ್ ಸುಮಾರು 200 ಮಿಲಿ ಲೀಟರ್‌ನಷ್ಟು ಹಿಗ್ಗುತ್ತದೆ. ಬೈಕಿನ ಸೀಟಿನ ಮೇಲೆ ಅಥವಾ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ತುಂಬಿಸಿದರೆ ಸ್ಥಾಯೀ ವಿದ್ಯುತ್ತಿನ ಕಿಡಿ ಏಳುವ ಸಂಭವವುಂಟು. ನೆಲದ ಮೇಲಿಟ್ಟು ತುಂಬಿಸಬೇಕು. ಮನೆಗೆ ಹೊರತಾದ, ನೆರಳಿರುವ, ಗಾಳಿಯಾಡುವ, ಬೀಗ ಹಾಕಬಲ್ಲ ತಾವು ಉತ್ತಮ. ಖಾಲಿಯಾದ ಕ್ಯಾನನ್ನು ಒಲೆಯ ಬಳಿ ಎಸೆಯುವುದು ದೊಡ್ಡ ತಪ್ಪು: ತುಂಬಿದ ಕ್ಯಾನಿಗಿಂತ ಅದರೊಳಗೆ ಆವಿ, ಗಾಳಿಗಳ ಮಿಶ್ರಣಕ್ಕೆ ಎಡೆ ಹೆಚ್ಚು. ಅಲ್ಲದೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ತೇವವನ್ನು ಹೀರುವ ಗುಣವುಳ್ಳದ್ದು. ಮಳೆಗಾಲದಲ್ಲಿ ಬಹುದಿನ ಇರಿಸಿದರೆ ನೀರು ಬೇರ್ಪಟ್ಟು ತಳಕ್ಕಿಳಿದು ವಾಹನಕ್ಕೂ ಹಾನಿ.

ಇನ್ನು ವೈದ್ಯರಾಗಿ ನಾವು ಒತ್ತಿ ಹೇಳಬೇಕಾದ ಮಾತು. ಪೈಪಿನ ತುದಿಯನ್ನು ಬಾಯಿಗಿಟ್ಟು ಪೆಟ್ರೋಲ್ ಎಳೆಯುವ ರೂಢಿಯನ್ನು ಇಂದೇ ಬಿಡಬೇಕು. ಅಗ್ಗದ ಕೈಪಂಪುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಪೆಟ್ರೋಲ್ ಹೊಟ್ಟೆಗೆ ಹೋದುದಕ್ಕಿಂತ ಶ್ವಾಸಕೋಶಕ್ಕೆ ಹೋದುದು ಹೆಚ್ಚು ಅಪಾಯಕರ. ಅದು ತೆಳುವಾದ, ಬೇಗ ಹರಡುವ ದ್ರವ. ಕೆಮ್ಮಿದಾಗ ಕೆಲವೇ ಹನಿ ಶ್ವಾಸನಾಳಕ್ಕಿಳಿದರೂ ಶ್ವಾಸಕೋಶದಲ್ಲಿ ಉರಿಯೂತವನ್ನುಂಟುಮಾಡಬಲ್ಲದು. ಈ ಕಾರಣದಿಂದಲೇ ಕುಡಿದವರಿಗೆ ವಾಂತಿ ಮಾಡಿಸಲೇಕೂಡದು. ಹಿರಿಯರು ಉಪ್ಪುನೀರು ಕುಡಿಸುವುದನ್ನು, ಗಂಟಲಿಗೆ ಬೆರಳು ಹಾಕುವುದನ್ನು ನಾವು ಬಲ್ಲೆವು. ಚರಕಾಚಾರ್ಯರು ವಿಷಚಿಕಿತ್ಸೆಗೆ ಹೇಳಿರುವ 24 ಉಪಕ್ರಮಗಳಲ್ಲಿ ವಮನವೂ ಒಂದೆಂಬುದು ನಿಜ. ಆದರೆ ವಮನಕ್ಕೆ ಯಾರು ಯೋಗ್ಯರು, ಯಾರು ಅಯೋಗ್ಯರು ಎಂಬ ವಿವೇಚನೆಯೂ ಅದೇ ಶಾಸ್ತ್ರದಲ್ಲಿದೆ. ಪೆಟ್ರೋಲ್, ಸೀಮೆಎಣ್ಣೆಗಳ ವಿಷಯದಲ್ಲಿ ಮೇಲಕ್ಕೆ ಬರುವಾಗ ಅದು ಮತ್ತೊಮ್ಮೆ ಶ್ವಾಸನಾಳದ ಬಾಯಿಯನ್ನು ದಾಟುತ್ತದೆಂಬುದನ್ನು ಮರೆಯಬಾರದು. ಎಣ್ಣೆ, ತುಪ್ಪ ಕುಡಿಸುವುದೂ ಬೇಡ. ಬಾಯಿ ಒರೆಸಿ, ಕುಳ್ಳಿರಿಸಿಕೊಂಡು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಏನು ಕುಡಿದರು, ಎಷ್ಟು ಹೊತ್ತಾಯಿತು ಎಂಬುದನ್ನು ಅಲ್ಲಿ ತಿಳಿಸಬೇಕು. ಮಗು ಆಡುತ್ತಿದೆ, ಏನೂ ಆಗಿಲ್ಲ ಎಂದು ಮನೆಯಲ್ಲಿ ಉಳಿಸಿಕೊಳ್ಳಬಾರದು. ಕೆಮ್ಮು, ಏದುಸಿರು, ಮಂಪರು ಕೆಲವು ಗಂಟೆಗಳ ಬಳಿಕವೂ ತಲೆದೋರಬಹುದು.

ಕೈಗೆ ಹತ್ತಿದ ಗ್ರೀಸನ್ನು ಪೆಟ್ರೋಲಿನಿಂದ ತೊಳೆಯುವವರಿಗೆ ಒಂದು ಮಾತು. ಅದರಲ್ಲಿ ಅಲ್ಪ ಪ್ರಮಾಣದಲ್ಲಿರುವ ಬೆಂಜೀನ್ ಎಂಬ ದ್ರವ್ಯವು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಸಿದ್ಧವಾಗಿದೆ. ಸಾಬೂನು ಸಾಕು.

ಚೆಲ್ಲಿದ ಪೆಟ್ರೋಲಿಗೆ ಬೆಂಕಿ ತಗುಲಿದರೆ ನೀರೆರಚಬಾರದು. ಪೆಟ್ರೋಲ್ ನೀರಿನ ಮೇಲೆ ತೇಲುತ್ತ ಬೆಂಕಿಯನ್ನು ಹರಡುತ್ತದೆ. ಸಣ್ಣದಾದರೆ ಮರಳು, ಇಲ್ಲವೇ ಒಣ ಪುಡಿಯ ಅಗ್ನಿಶಾಮಕ. ದೊಡ್ಡದಾದರೆ ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಬೇಕು. ಮೈಮೇಲೆ ಪೆಟ್ರೋಲ್ ಸುರಿದಿದ್ದರೆ ದೀಪ, ಒಲೆಗಳಿಂದ ದೂರ ಸರಿದು ಬಟ್ಟೆ ಕಳಚಿ, ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ಮೈಗೆ ಹೊತ್ತಿದ ಉರಿ ಆರಿದ ಮೇಲೆ, ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಶಾಯಿ, ಪೇಸ್ಟು, ಅರಿಸಿನ, ಬೆಣ್ಣೆ ಯಾವುದನ್ನೂ ಹಚ್ಚದೆ, ಸ್ವಚ್ಛವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಶತಧೌತ ಘೃತದಂತಹ ನಮ್ಮ ಲೇಪಗಳಿಗೆ ಅವುಗಳದೇ ಆದ ಕಾಲವುಂಟು; ಗಾಯವನ್ನು ಕಣ್ಣಾರೆ ಕಂಡ ವೈದ್ಯರೇ ಅದನ್ನು ನಿರ್ಧರಿಸಲಿ.