ಓಟಿಗೆ ಮುನ್ನ ಕಿವಿಗೆ ಬೀಳುವ ಮಾತುಗಳು



2024ರ ಲೋಕಸಭಾ ಚುನಾವಣೆಯ ದಿನಗಳವು. ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದಾಗ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಮೊಬೈಲ್ ಹಿಡಿದು ಕಾಯುತ್ತಿದ್ದರು. "ಫಾದರ್, ನಾವೆಲ್ಲ ಇಂಥ ಪಕ್ಷಕ್ಕೇ ಓಟು ಹಾಕಬೇಕೂಂತ ಬಿಷಪರು ಹೇಳಿದ್ದಾರಂತೆ, ಹೌದಾ?" ಎಂದು ಕೇಳಿದರು. ಅಂಥ ಮಾತನ್ನು ಯಾರೂ ಹೇಳಿರಲಿಲ್ಲ. ಯಾರೋ ಬರೆದದ್ದು, ಯಾರೋ ಕಳುಹಿಸಿದ್ದು. ಪಕ್ಕದಲ್ಲಿದ್ದ ಯುವಕನೊಬ್ಬ, "ಟೀವಿಯಲ್ಲೂ ಇದೇ ಕತೆ ಫಾದರ್. ಒಂದು ಚಾನೆಲ್ ಅವರನ್ನು ಗೆಲ್ಲಿಸುತ್ತೆ, ಇನ್ನೊಂದು ಇವರನ್ನು. ಇದಕ್ಕೆಲ್ಲ ಕಾನೂನು ಇಲ್ಲವೇ?" ಎಂದ.

ಕಾನೂನು ಇದೆ. ಆದರೆ ಅದು ಎಲ್ಲಿಯವರೆಗೆ ಕೈಚಾಚುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ಮಾತಿನ ಹಕ್ಕು ಯಾರದು?

ನಮ್ಮ ಸಂವಿಧಾನದ 19(1)(ಎ) ವಿಧಿ ಪ್ರತಿಯೊಬ್ಬ ಪ್ರಜೆಗೂ ವಾಕ್ ಸ್ವಾತಂತ್ರ್ಯ ನೀಡಿದೆ. ಪತ್ರಿಕಾ ಸ್ವಾತಂತ್ರ್ಯವೆಂಬ ಪ್ರತ್ಯೇಕ ವಿಧಿ ಅಲ್ಲಿಲ್ಲ. ಅದು ಇದರೊಳಗೇ ಅಡಕವಾಗಿದೆಯೆಂದು ನ್ಯಾಯಾಲಯಗಳು 1950ರಿಂದಲೂ ಹೇಳುತ್ತ ಬಂದಿವೆ. ಈ ಹಕ್ಕಿನ ಮೇಲೆ ಸಮಂಜಸವಾದ ನಿರ್ಬಂಧ ಹಾಕಲು 19(2) ವಿಧಿ ಅವಕಾಶ ಕೊಡುತ್ತದೆ.

1995ರಲ್ಲಿ ಕ್ರಿಕೆಟ್ ಪಂದ್ಯಗಳ ಪ್ರಸಾರ ಕುರಿತ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಮಹತ್ವದ ಮಾತೊಂದನ್ನು ಹೇಳಿತು. ಆಕಾಶದ ತರಂಗಗಳು ಸಾರ್ವಜನಿಕರ ಸೊತ್ತು. ಅವು ಸರ್ಕಾರದ ಸ್ವಂತ ಆಸ್ತಿಯೂ ಅಲ್ಲ, ಹಣವಂತರದೂ ಅಲ್ಲ. ಅಂದರೆ ಮಾತನಾಡುವವನ ಹಕ್ಕಿನಷ್ಟೇ ಕೇಳುವವನ ಹಕ್ಕೂ ದೊಡ್ಡದು. ಚುನಾವಣಾ ಕಾಲದ ಪ್ರಸಾರ ನಿಯಮಗಳನ್ನು ನಾವು ಈ ದೃಷ್ಟಿಯಿಂದಲೇ ನೋಡಬೇಕು.

48 ಗಂಟೆಗಳ ಮೌನ

1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ ಪ್ರಕಾರ, ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆಗಳಲ್ಲಿ ಬಹಿರಂಗ ಸಭೆ ನಡೆಸುವಂತಿಲ್ಲ. ಟೀವಿ, ಸಿನಿಮಾಗಳ ಮೂಲಕ ಪ್ರಚಾರ ಮಾಡುವಂತಿಲ್ಲ. ತಪ್ಪಿದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ. 2009ರಲ್ಲಿ ಸೇರಿಸಿದ 126ಎ ಕಲಂ ಮತಗಟ್ಟೆ ಸಮೀಕ್ಷೆಗಳಿಗೂ ತಡೆ ಹಾಕಿದೆ. ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಕಳೆಯುವವರೆಗೆ ಅವನ್ನು ಪ್ರಕಟಿಸುವಂತಿಲ್ಲ. ಮತದಾರನು ಗದ್ದಲದಿಂದ ದೂರವಿದ್ದು ನಿರ್ಧರಿಸಲಿ ಎಂಬುದೇ ಇದರ ಉದ್ದೇಶ.

ಆದರೆ ಇಲ್ಲೊಂದು ತೊಡಕಿದೆ. 2024ರಲ್ಲಿ ದೇಶದಲ್ಲಿ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ಮತದಾನ ನಡೆಯಿತು. ಕರ್ನಾಟಕದಲ್ಲಿ ದಕ್ಷಿಣದ 14 ಕ್ಷೇತ್ರಗಳಿಗೆ ಏಪ್ರಿಲ್ 26, ಉತ್ತರದ 14 ಕ್ಷೇತ್ರಗಳಿಗೆ ಮೇ 7. ಮೈಸೂರಿನ ಧ್ವನಿವರ್ಧಕ ಸುಮ್ಮನಾಗಿದ್ದಾಗಲೂ ಬೆಳಗಾವಿಯಲ್ಲಿ ಪ್ರಚಾರ ಮಾಡಬಹುದು. ಆ ಭಾಷಣವನ್ನು ಮೈಸೂರಿನ ಮನೆಯಲ್ಲಿ ಕುಳಿತು ಟೀವಿಯಲ್ಲಿ ನೋಡಬಹುದು. ಮನೆಯೊಳಗೇ ಬಂದು ಕೂತಿರುವ ಮೊಬೈಲಿಗಂತೂ ಊರಿನ ಗಡಿಯೇ ಇಲ್ಲ.

ಜಾಹೀರಾತು ಮತ್ತು ಉಚಿತ ಸಮಯ

2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದಂತೆ ಟೀವಿಯಲ್ಲಿ ರಾಜಕೀಯ ಜಾಹೀರಾತು ಕೊಡುವವರು ಮೊದಲೇ ಒಪ್ಪಿಗೆ ಪಡೆಯಬೇಕು. ಈಗ ಜಿಲ್ಲಾ ಮತ್ತು ರಾಜ್ಯ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗಳು ಈ ಕೆಲಸ ಮಾಡುತ್ತವೆ.

ಮಾನ್ಯತೆ ಪಡೆದ ರಾಷ್ಟ್ರೀಯ ಮತ್ತು ರಾಜ್ಯ ಪಕ್ಷಗಳಿಗೆ ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಉಚಿತ ಸಮಯವೂ ಉಂಟು. ಎಲ್ಲರಿಗೂ ಸಮನಾದ ಒಂದು ಪಾಲು, ಅದರ ಮೇಲೆ ಹಿಂದಿನ ಚುನಾವಣೆಯ ಸಾಧನೆಗೆ ತಕ್ಕಂತೆ ಹೆಚ್ಚುವರಿ ಪಾಲು. ಬಡ ಪಕ್ಷಕ್ಕೂ ದನಿ ಸಿಗಲೆಂಬ ಒಳ್ಳೆಯ ವ್ಯವಸ್ಥೆಯಿದು. ಆದರೆ ಭಾಷಣದ ಪ್ರತಿಯನ್ನು ಮೊದಲೇ ತೋರಿಸಬೇಕು. 2024ರ ಮೇ ತಿಂಗಳಲ್ಲಿ ಸಿಪಿಐ(ಎಂ)ನ ಸೀತಾರಾಂ ಯೆಚೂರಿ ಮತ್ತು ಫಾರ್ವರ್ಡ್ ಬ್ಲಾಕ್‌ನ ಜಿ. ದೇವರಾಜನ್ ಅವರ ಭಾಷಣಗಳಿಂದ ಕೆಲವು ಪದಗಳನ್ನು ತೆಗೆಯಲು ಸೂಚಿಸಲಾಯಿತು. ನಿಯಮ ಪಾಲಿಸಿದ್ದೇವೆಂದು ಪ್ರಸಾರಕರು ಹೇಳಿದರು. ಟೀಕಿಸುವ ಹಕ್ಕನ್ನೇ ಕಿತ್ತುಕೊಂಡರೆಂದು ನಾಯಕರು ದೂರಿದರು. ದ್ವೇಷದ ಮಾತನ್ನು ತಡೆಯುವ ಕತ್ತರಿ ನ್ಯಾಯವಾದ ಟೀಕೆಯನ್ನೂ ಕತ್ತರಿಸಬಹುದೆಂಬ ಎಚ್ಚರ ನಮಗಿರಬೇಕು.

ಕಾಸಿಗಾಗಿ ಸುದ್ದಿ

ಜಾಹೀರಾತನ್ನು ಜಾಹೀರಾತೆಂದು ಹೇಳಿದರೆ ಓದುಗ ಎಚ್ಚರದಿಂದಿರುತ್ತಾನೆ. ಹಣ ಪಡೆದು ಅದನ್ನೇ ಸುದ್ದಿಯೆಂದು ಅಚ್ಚು ಹಾಕಿದರೆ? 2009ರ ಚುನಾವಣೆಯ ನಂತರ ಈ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ ತನ್ನ ಇಬ್ಬರು ಸದಸ್ಯರಿಂದ ವಿಚಾರಣೆ ನಡೆಸಿತು. 2010ರಲ್ಲಿ ಅವರು ಪತ್ರಿಕೆಗಳ ಹೆಸರು ಹೇಳಿ ವಿವರವಾದ ವರದಿ ಕೊಟ್ಟರೆ, ಮಂಡಳಿ ಮೊದಲಿಗೆ ಅದರ ಚುಟುಕು ರೂಪವನ್ನಷ್ಟೇ ಹೊರತಂದಿತು. ಪರರ ತಪ್ಪನ್ನು ಬರೆಯುವವರಿಗೂ ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು.

2011ರಲ್ಲಿ ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಕಾರಣ, ಅಂಥ ಸುದ್ದಿಗೆ ಮಾಡಿದ ಖರ್ಚನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಗಮನಿಸಿ, ಶಿಕ್ಷೆಯಾದದ್ದು ತಪ್ಪು ಲೆಕ್ಕಕ್ಕೆ. ಕಾಸಿನ ಸುದ್ದಿಯನ್ನೇ ಚುನಾವಣಾ ಅಪರಾಧವಾಗಿಸಬೇಕೆಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತು.

ನಮ್ಮ ಪೀಠದ ಮಾತು

ಹಾಗಾದರೆ ನಮ್ಮ ಕೈಯಲ್ಲಿರುವ ಧ್ವನಿವರ್ಧಕದ ಗತಿಯೇನು? ಮಾದರಿ ನೀತಿ ಸಂಹಿತೆಯ ಪ್ರಕಾರ ಚರ್ಚು, ಮಸೀದಿ, ದೇವಸ್ಥಾನಗಳನ್ನು ಪ್ರಚಾರದ ವೇದಿಕೆಯಾಗಿ ಬಳಸಬಾರದು. ಕಾಯ್ದೆಯ 123(3) ಕಲಂ ಪ್ರಕಾರ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಮತದಾರನ ಧರ್ಮದ ಹೆಸರಿನಲ್ಲಿ ಕೇಳಿದರೂ ತಪ್ಪೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ತೀರ್ಪಿತ್ತಿತು.

ಆದ್ದರಿಂದ ಮರುವಾರ ನಾವು ಪ್ರಕಟಣೆಗಳ ಹೊತ್ತಿನಲ್ಲಿ ಎರಡೇ ಮಾತು ಹೇಳಿದೆವು. ಅಂಥ ಸಂದೇಶವನ್ನು ಧರ್ಮಪ್ರಾಂತ್ಯ ಕಳುಹಿಸಿಲ್ಲ. ನಿಮ್ಮ ಓಟು ನಿಮ್ಮ ಅಂತಃಸಾಕ್ಷಿಗೆ ಬಿಟ್ಟದ್ದು. ಕೆಲವರಿಗೆ ಇದು ರುಚಿಸಲಿಲ್ಲ. "ಇಂಥವರಿಗೆ ಹಾಕಿ ಎಂದು ಹೇಳುವ ಧೈರ್ಯ ನಿಮಗಿಲ್ಲವೇ?" ಎಂದು ಕೇಳಿದವರೂ ಇದ್ದರು. ಟೀವಿಯ ಪಕ್ಷಪಾತವನ್ನು ಖಂಡಿಸುವ ನಾವು ನಮ್ಮ ಪೀಠದಿಂದ ಅದನ್ನೇ ಮಾಡಿದರೆ, ಆ ಚಾನೆಲಿಗೂ ನಮಗೂ ಏನು ವ್ಯತ್ಯಾಸ?

ಸಹೋದರ ಸಹೋದರಿಯರೇ, ಮುಂದಿನ ಚುನಾವಣೆಯಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳೋಣ. ಸಂದೇಶ ಬಂದರೆ ಕಳುಹಿಸಿದವರಾರು, ಯಾವಾಗ, ಯಾಕೆ ಎಂದು ಕೇಳೋಣ. ಗೊತ್ತಿಲ್ಲದಿದ್ದರೆ ಮುಂದಕ್ಕೆ ಕಳುಹಿಸದಿರೋಣ. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದೋಣ. ನಿಯಮ ಮುರಿದದ್ದು ಕಣ್ಣಿಗೆ ಬಿದ್ದರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಮೂಲಕ ಇಲ್ಲವೇ ಚುನಾವಣಾಧಿಕಾರಿಗಳಿಗೆ ದೂರು ಕೊಡೋಣ. ಅಂದು ಆ ತಾಯಿ ಸಂದೇಶವನ್ನು ಯಾರಿಗೂ ಕಳುಹಿಸದೆ ಮೊದಲು ನಮ್ಮಲ್ಲಿ ಬಂದು ಕೇಳಿದರು. ನಾವೆಲ್ಲ ಮಾಡಬೇಕಾದದ್ದೂ ಅದನ್ನೇ.