ಮಿಠಾಯಿಯ ವಿಷಕ್ಕಿಂತ ಕತ್ತಲ ರಸ್ತೆಯ ಭಯ ದೊಡ್ಡದು

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ಹಿರಿಯರು ಆರು ತಿಂಗಳ ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಬರುತ್ತಾರೆ. ಅವರಲ್ಲೊಬ್ಬ ತಾಯಿ ಹೋದ ವಾರ ಕೇಳಿದರು: “ಡಾಕ್ಟ್ರೇ, ಮೊಮ್ಮಗನ ಶಾಲೆಯಲ್ಲಿ ಅದೇನೋ ದೆವ್ವದ ಹಬ್ಬವಂತೆ. ನಮ್ಮ ಮಗಳೇ ಮುಂದೆ ನಿಂತು ನಡೆಸ್ತಾಳಂತೆ. ಗುರುತಿಲ್ಲದವರು ಕೊಡೋ ಮಿಠಾಯಿಯಲ್ಲಿ ವಿಷ ಇರುತ್ತೆ ಅಂತಾರಲ್ಲ, ನಿಜವೇ?”

ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬವನ್ನು ಊರವರೇ ಸೇರಿ ನಡೆಸುವ ಪದ್ಧತಿ ಹಳೆಯದು. ಮಿನೆಸೋಟ ರಾಜ್ಯದ ಅನೋಕ ಪಟ್ಟಣದಲ್ಲಿ ಆ ರಾತ್ರಿ ಹುಡುಗರು ಕಿಟಕಿಗಳಿಗೆ ಸೋಪು ಬಳಿದು, ದನಗಳನ್ನು ಬೀದಿಗೆ ಬಿಟ್ಟು ಪುಂಡಾಟ ಮಾಡುತ್ತಿದ್ದರು. ಅದಕ್ಕೆ ತಡೆ ಹಾಕಲು 1920ರಲ್ಲಿ ಊರ ಹಿರಿಯರು ಮೆರವಣಿಗೆ ಏರ್ಪಡಿಸಿ, ಮಕ್ಕಳಿಗೆ ತಿಂಡಿ ಹಂಚಿದರು. ಕಾಮನ ಹಬ್ಬಕ್ಕೆ ಸೌದೆ ಕದಿಯುವ ಹುಡುಗರನ್ನು ಕಂಡ ನಮಗೆ ಇದೇನೂ ಹೊಸದಲ್ಲ. ಈಗ ಅನೇಕ ಊರುಗಳಲ್ಲಿ ಶಾಲೆಯ ಅಥವಾ ಚರ್ಚಿನ ಆವರಣದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು ಅಲಂಕರಿಸಿ, ವೇಷ ತೊಟ್ಟು ಬರುವ ಮಕ್ಕಳಿಗೆ ಅಲ್ಲಿಂದಲೇ ಮಿಠಾಯಿ ಕೊಡುತ್ತಾರೆ. ‘ಟ್ರಂಕ್ ಆರ್ ಟ್ರೀಟ್’ ಎಂದು ಅದಕ್ಕೆ ಹೆಸರು. ಎಲ್ಲವೂ ತಂದೆತಾಯಂದಿರ ಸ್ವಯಂಸೇವೆ.

ಇನ್ನು ವಿಷದ ಮಾತು. 1974ರಲ್ಲಿ ಟೆಕ್ಸಾಸ್‌ನಲ್ಲಿ 8 ವರ್ಷದ ಬಾಲಕನೊಬ್ಬ ಸಯನೈಡ್ ಬೆರೆತ ಸಿಹಿಪುಡಿ ತಿಂದು ಸತ್ತದ್ದು ನಿಜ. ಆದರೆ ಅದನ್ನು ಬೆರೆಸಿದವನು ವಿಮೆಯ ಹಣಕ್ಕೆ ಆಸೆಪಟ್ಟ ಅವನ ತಂದೆಯೇ. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ಅವರು 1958ರಿಂದ ಈಚಿನ ಇಂಥ ಸುದ್ದಿಗಳನ್ನು ಕಲೆಹಾಕಿ ಪರಿಶೀಲಿಸಿದ್ದಾರೆ. ಮನೆಮನೆಗೆ ಹೋದ ಮಗುವನ್ನು ಅಪರಿಚಿತರು ಮಿಠಾಯಿಯಲ್ಲಿ ವಿಷವಿಕ್ಕಿ ಕೊಂದ ಒಂದೇ ಒಂದು ಖಚಿತ ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ಕೆಲವು ಆಸ್ಪತ್ರೆಗಳು ಮಿಠಾಯಿ ಚೀಲಗಳಿಗೆ ಎಕ್ಸ್‌ರೇ ತೆಗೆದುಕೊಟ್ಟದ್ದೂ ಉಂಟು. ಎಕ್ಸ್‌ರೇಯಲ್ಲಿ ವಿಷ ಕಾಣುವುದಿಲ್ಲ ಎಂಬುದು ಬೇರೆ ಮಾತು!

ನಿಜವಾದ ಅಪಾಯ ರಸ್ತೆಯಲ್ಲಿದೆ. 1975ರಿಂದ 2016ರವರೆಗಿನ 42 ಹ್ಯಾಲೋವೀನ್ ಸಂಜೆಗಳನ್ನು, ಒಂದು ವಾರ ಹಿಂದಿನ ಮತ್ತು ಒಂದು ವಾರ ಮುಂದಿನ ಸಂಜೆಗಳೊಂದಿಗೆ ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಬ್ಬದ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಶೇ. 43ರಷ್ಟು ಹೆಚ್ಚು. 4ರಿಂದ 8 ವರ್ಷದ ಮಕ್ಕಳಲ್ಲಿ ಅದು ಸುಮಾರು ಹತ್ತು ಪಟ್ಟು! ಸಂಜೆ 6 ಗಂಟೆಯ ಹೊತ್ತಿಗೆ ಅಪಾಯ ಅತಿ ಹೆಚ್ಚು. ಕಾರಣ ಊಹಿಸುವುದು ಕಷ್ಟವಲ್ಲ. ಮಬ್ಬುಗತ್ತಲು, ಕಪ್ಪು ವೇಷ, ಪಕ್ಕದ ನೋಟವನ್ನು ಮರೆಮಾಡುವ ಮುಖವಾಡ, ಕೆಲಸ ಮುಗಿಸಿ ಮನೆಗೆ ಧಾವಿಸುವ ಕಾರುಗಳು, ಜೊತೆಗೆ ಮಿಠಾಯಿಯ ಸಂಭ್ರಮದಲ್ಲಿ ಓಡುವ ಮಗು.

ಆದ್ದರಿಂದ ಸ್ವಯಂಸೇವಕರು ಮೊದಲು ಯೋಚಿಸಬೇಕಾದದ್ದು ಅಲಂಕಾರವನ್ನಲ್ಲ, ಕಾರುಗಳನ್ನು. ಮಕ್ಕಳು ಬರುವ ಮೊದಲೇ ಎಲ್ಲ ಕಾರುಗಳೂ ನಿಂತು ಎಂಜಿನ್ ಆರಿರಬೇಕು. ಕೊನೆಯ ಮಗು ಹೋಗುವತನಕ ಒಂದೂ ಅಲುಗಬಾರದು. ತಡವಾಗಿ ಬಂದವರಿಗೆ ಹೊರಗೆ ಬೇರೆ ಜಾಗವಿರಲಿ. ಜನರು ರಸ್ತೆ ದಾಟುವಲ್ಲಿ ಹೊಳೆಯುವ ಅಂಗಿ ತೊಟ್ಟ ಇಬ್ಬರು ದೊಡ್ಡವರು ಬ್ಯಾಟರಿ ಹಿಡಿದು ನಿಲ್ಲಬೇಕು. ಈ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ, ಏಕೆಂದರೆ ಫೋಟೋದಲ್ಲಿ ಬೀಳುವುದಿಲ್ಲ. ಮುಖವಾಡದ ಬದಲು ಮುಖಕ್ಕೆ ಬಣ್ಣ ಹಚ್ಚುವುದು ಮೇಲು. ಹಿಂದಿನ ದಿನ ಮೊಣಕೈ ಬಳಿ ಸ್ವಲ್ಪ ಹಚ್ಚಿ ತುರಿಕೆ ಬಾರದೆಂದು ನೋಡಿಕೊಳ್ಳಿ. ಕುಂಬಳಕಾಯಿಯೊಳಗೆ ಮೇಣದ ಬತ್ತಿ ಬೇಡ, ಬ್ಯಾಟರಿ ದೀಪವಿರಲಿ. ಬೆಕ್ಕಿನ ಕಣ್ಣಿನಂತೆ ಕಾಣುವ ಬಣ್ಣದ ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು ಅಲ್ಲಿ ಕಾನೂನುಬಾಹಿರ. ಒಂದು ಸಂಜೆಯ ಮೋಜಿಗೆ ಕಣ್ಣಿನ ಪಾಪೆಯ ಮೇಲೆ ಹುಣ್ಣಾಗಬಹುದು.

ಎರಡನೆಯದು ಅಲರ್ಜಿ. ಕಡಲೆಕಾಯಿ, ಗೋಡಂಬಿ, ಬಾದಾಮಿ, ಹಾಲು, ಮೊಟ್ಟೆ, ಎಳ್ಳು ಇವುಗಳಲ್ಲಿ ಯಾವುದೂ ಕೆಲವು ಮಕ್ಕಳಿಗೆ ಪ್ರಾಣಾಂತಿಕವಾಗಬಹುದು. ಮೊಮ್ಮಗನ ಗೆಳೆಯರಿಗೆಂದು ಅಜ್ಜಿ ಪ್ರೀತಿಯಿಂದ ಕಟ್ಟಿಕೊಂಡು ಹೋದ ಕಡಲೆಕಾಯಿ ಚಿಕ್ಕಿ, ಎಳ್ಳುಂಡೆಗಳು ಮನೆಯಲ್ಲೇ ಇರಲಿ. ಬೇಸರಪಡಬೇಡಿ. ಹಂಚುವುದಾದರೆ ಕಂಪನಿಯ ಮುದ್ರೆಯಿದ್ದು, ಒಳಗೇನಿದೆ ಎಂದು ಬರೆದ ಪೊಟ್ಟಣ ಮಾತ್ರ. ಪುಟ್ಟ ಪೊಟ್ಟಣಗಳ ಮೇಲೆ ಹಲವೊಮ್ಮೆ ಆ ವಿವರ ಇರುವುದಿಲ್ಲ, ಆದ್ದರಿಂದ ದೊಡ್ಡ ಚೀಲವನ್ನು ಎಸೆಯದೆ ಮೇಜಿನ ಮೇಲಿಡಿ. ಅಲ್ಲಿನವರು 2014ರಿಂದ ದೇಶದಾದ್ಯಂತ ಒಂದು ಒಳ್ಳೆಯ ರೂಢಿ ಬೆಳೆಸಿದ್ದಾರೆ. ಹಸಿರು ಬೆರೆತ ನೀಲಿ ಬಣ್ಣ ಬಳಿದ ಕುಂಬಳಕಾಯಿ ಕಂಡರೆ ಅಲ್ಲಿ ಪೆನ್ಸಿಲ್, ಸ್ಟಿಕ್ಕರ್‌ನಂಥ ತಿನ್ನಲಾಗದ ಉಡುಗೊರೆ ಇದೆ ಎಂದರ್ಥ. ಮಗುವಿನ ಮೈಮೇಲೆ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟತೊಡಗಿದರೆ ತಡಮಾಡದೆ ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಕೊಡಬೇಕು. ಅಲರ್ಜಿಯ ಮಾತ್ರೆ ಕೊಟ್ಟು ಕಾಯುತ್ತ ಕೂರಬಾರದು.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಪೆಪ್ಪರಮೆಂಟು, ಅಂಟು ಮಿಠಾಯಿ, ಇಡೀ ಬೀಜಗಳು ಬೇಡವೇ ಬೇಡ. ಓಡುತ್ತ, ನಗುತ್ತ ತಿನ್ನುವಾಗ ಅವು ಶ್ವಾಸನಾಳಕ್ಕೆ ಇಳಿಯುತ್ತವೆ. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದೆ ನೀಲಿಗಟ್ಟಿದರೆ, ಒಂದು ವರ್ಷ ಮೀರಿದ ಮಗುವಾದಲ್ಲಿ ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಅಂಗೈಯ ಹಿಮ್ಮಡಿಯಿಂದ ಐದು ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲೆ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತು. ವಸ್ತು ಹೊರಬರುವವರೆಗೆ ಹೀಗೇ ಮಾಡಬೇಕು. ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು. ಮೇಳದಲ್ಲಿ ಇದನ್ನು ಕಲಿತವರು ಒಬ್ಬರಾದರೂ ಇರಬೇಕು, ಅವರು ಯಾರೆಂದು ಎಲ್ಲರಿಗೂ ಗೊತ್ತಿರಬೇಕು.

ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ ಕಡ್ಡಿಗಳನ್ನು ಮಕ್ಕಳು ಕಚ್ಚುವುದು ಸಾಮಾನ್ಯ. ಒಳಗಿನ ದ್ರವ ಬಾಯಿಗೆ ಉರಿ ತರುತ್ತದೆ, ಸಾಮಾನ್ಯವಾಗಿ ಪ್ರಾಣಕ್ಕೇನೂ ಆಗುವುದಿಲ್ಲ. ಬಾಯಿ ತೊಳೆಸಿ, ಅಮೆರಿಕದ ವಿಷಚಿಕಿತ್ಸಾ ಸಹಾಯವಾಣಿ 1-800-222-1222ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಸಲಹೆ ಕೊಡುತ್ತಾರೆ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಅಪಘಾತ ಇವುಗಳಿಗೆ ಮಾತ್ರ ನೇರವಾಗಿ 911. ಎರಡೂ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು, ಪ್ರತಿ ಡಿಕ್ಕಿಯ ಮೇಲೆ ಅಂಟಿಸುವಂತೆ ನಿಮ್ಮ ಮಗಳಿಗೆ ಹೇಳಿ ಎಂದು ಆ ತಾಯಿಗೆ ಚೀಟಿಯ ಹಿಂದೆ ಬರೆದುಕೊಟ್ಟೆ.