ಟಿವಿ ಆನ್ ಇದೆ, ಫೋನಿಗೆ ಮಾತ್ರ ಕಾಣ್ತಿಲ್ಲ!

ಟಿವಿಯಲ್ಲಿ ಯೂಟ್ಯೂಬ್ ಓಡ್ತಿದೆ, ಫೋನಲ್ಲೂ ನೆಟ್ ಇದೆ. ಆದ್ರೆ ಕಾಸ್ಟ್ ಬಟನ್ ಒತ್ತಿದ್ರೆ ಟಿವಿ ಹೆಸರೇ ಬರ್ತಿಲ್ಲ. ಸ್ಪೀಡ್ ಸಾಲ್ತಿಲ್ಲ ಅಂದ್ಕೊಂಡು ದುಬಾರಿ ಪ್ಲಾನ್ ಹಾಕಿಸ್ಬೇಡಿ. ತೊಂದರೆ ಹೆಚ್ಚಾಗಿ ಮನೆಯೊಳಗೇ ಇರುತ್ತೆ.

ಫೋನ್ ಟಿವಿಯನ್ನು ಹುಡುಕೋದು ಇಂಟರ್ನೆಟ್‌ನಲ್ಲಿ ಅಲ್ಲ. "ಇಲ್ಲಿ ಯಾರಿದ್ದೀರಿ?" ಅಂತ ಅದು ಮನೆಯ ವೈಫೈನಲ್ಲೇ ಕೂಗುತ್ತೆ. "ನಾನಿದ್ದೀನಿ" ಅಂತ ಟಿವಿ ಓಗೊಡಬೇಕು. ಈ ವಿಧಾನದ ಹೆಸರು ಎಂಡಿಎನ್‌ಎಸ್. ಕ್ರೋಮ್‌ಕಾಸ್ಟ್, ಏರ್‌ಪ್ಲೇ ಎರಡೂ ಇದನ್ನು ಬಳಸುತ್ತವೆ. ಸಾಮಾನ್ಯವಾಗಿ ಈ ಕೂಗು ಒಂದು ನೆಟ್‌ವರ್ಕ್ ದಾಟಿ ಇನ್ನೊಂದಕ್ಕೆ ಹೋಗಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು, ಫೋನ್ ಮತ್ತು ಟಿವಿ ಒಂದೇ ವೈಫೈನಲ್ಲಿವೆಯಾ ಅಂತ. ಫೋನ್ ಮೊಬೈಲ್ ಡೇಟಾದಲ್ಲೋ ಗೆಸ್ಟ್ ವೈಫೈನಲ್ಲೋ ಇದ್ರೆ ಬದಲಿಸಿ. ಹಾಲ್‌ನಲ್ಲೊಂದು, ರೂಮಲ್ಲೊಂದು ರೂಟರ್ ಇದ್ರೆ ಅವು ಎರಡು ಬೇರೆ ನೆಟ್‌ವರ್ಕ್ ಆಗಿರಬಹುದು. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ.

ಆಮೇಲೆ ವಿಪಿಎನ್ ಆಫ್ ಮಾಡಿ ನೋಡಿ. ಐಫೋನ್ ಆದ್ರೆ, 2020ರ ಐಒಎಸ್ 14ರಿಂದ ಪ್ರತಿ ಆಪ್‌ಗೂ 'ಲೋಕಲ್ ನೆಟ್‌ವರ್ಕ್' ಅನುಮತಿ ಬೇಕು. ಅವತ್ತು ಅವಸರದಲ್ಲಿ ಬೇಡ ಅಂದಿದ್ರೆ, ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಈಗ ಆನ್ ಮಾಡಿ.

ಕೊನೆಗೆ ರೂಟರ್‌ನ 'ಎಪಿ ಐಸೋಲೇಷನ್'. ಇದು ಆನ್ ಇದ್ರೆ ಒಂದೇ ವೈಫೈನಲ್ಲಿದ್ರೂ ಸಾಧನಗಳು ಮಾತಾಡಿಕೊಳ್ಳಲ್ಲ. ಮನೆಯಲ್ಲಾದ್ರೆ ಆಫ್ ಮಾಡಿ, ಟಿವಿ, ರೂಟರ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಪಿಜಿ, ಹಾಸ್ಟೆಲ್‌ಗಳಲ್ಲಿ ಬೇಕಂತಲೇ ಆನ್ ಇಟ್ಟಿರಬಹುದು. ಇಲ್ಲದಿದ್ರೆ ನೀವು ಸಿನಿಮಾ ನೋಡ್ತಿರುವಾಗ ಪಕ್ಕದ ರೂಮಿನವರು ಕ್ರಿಕೆಟ್ ಹಾಕಿಬಿಟ್ಟಾರು!